ಎಣ್ಣೆಗೆ ಟಾರ್ಗೆಟ್, ಸೊಪ್ಪಿಗೆ ಬೇಡಿ

ಮೈಸೂರಿನಲ್ಲಿ ಮಾದಕ ವಸ್ತುವಿನ ಕಾರ್ಖಾನೆ ನಡೆಯುತ್ತಿದೆ ಎಂದು ಮೈಸೂರಿಗೆ ತಿಳಿಸಿದವರು ಮುಂಬೈ ಪೊಲೀಸರು. 2025ರ ಜುಲೈ ಕೊನೆ. ಸಾಕಿನಾಕಾ ಠಾಣೆಯವರು ಸಾವಿರ ಕಿಲೋಮೀಟರ್ ಆಚೆಯಿಂದ ಬಂದರು. ರಿಂಗ್ ರೋಡ್ ಪಕ್ಕದ ಒಂದು ಶೆಡ್ಡಿಗೆ ನುಗ್ಗಿದರು. ಎಂಡಿ ಎಂಬ ರಾಸಾಯನಿಕ ಅಮಲು, ಬೆಲೆ ಸುಮಾರು 390 ಕೋಟಿ ರೂಪಾಯಿ ಎಂದರು. ಮೂಟೆ ಕಟ್ಟಿದರು, ಹೊರಟರು. ಆಮೇಲೆ ನಮ್ಮವರು ಎದ್ದರು. ಒಬ್ಬ ಇನ್‌ಸ್ಪೆಕ್ಟರ್ ಅಮಾನತಾದರು.

ಅಲ್ಲಿಯತನಕ ನಮ್ಮವರು ಸುಮ್ಮನೆ ಕೂತಿದ್ದರು ಎಂದುಕೊಳ್ಳಬೇಡಿ. ಗಾಂಜಾ ಹಿಡಿಯುತ್ತಿದ್ದರು.

ಆ ಫೋಟೋ ನೀವೂ ಪೇಪರಿನಲ್ಲಿ ನೋಡಿ ನೋಡಿ ಬೇಸತ್ತಿದ್ದೀರಿ. ಒಂದು ಮೇಜು. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒಂದೂಕಾಲು ಕಿಲೋ ಒಣಸೊಪ್ಪು, ಒಂದು ಹಳೇ ಮೊಬೈಲು, ಸ್ಕೂಟರಿನ ಕೀಲಿ. ಹಿಂದೆ ಸಾಲಾಗಿ ಎಂಟು ಮಂದಿ ಖಾಕಿ, ಹುಲಿ ಹೊಡೆದ ಠೀವಿಯಲ್ಲಿ. ಮುಂದೆ ನೆಲದ ಮೇಲೆ ಮುಖ ಮುಚ್ಚಿಕೊಂಡ ಇಬ್ಬರು ಹುಡುಗರು. ಒಬ್ಬೊಬ್ಬ ಪೊಲೀಸರಿಗೆ ನೂರೈವತ್ತು ಗ್ರಾಂ ಚಿಲ್ಲರೆ.

ಗಾಂಜಾದ ವಕಾಲತ್ತು ನನ್ನದಲ್ಲ. ಹದಿಹರೆಯದ ಮಿದುಳಿಗೆ ಅದು ಏನು ಮಾಡುತ್ತದೆ ಎಂದು ಮನೋವೈದ್ಯರು ಹೇಳುತ್ತಲೇ ಇದ್ದಾರೆ. ನಂಬುತ್ತೇನೆ. ನಮ್ಮ ಬೀದಿಯ ಹುಡುಗರು ಅದನ್ನು ಸೇದಿ ಗೋಡೆ ನೋಡುತ್ತ ಕೂರುವುದನ್ನೂ ಕಂಡಿದ್ದೇನೆ. ನನ್ನ ತಕರಾರೇನಿದ್ದರೂ ತಕ್ಕಡಿಯದು.

ಮಾದಕ ವಸ್ತುಗಳ ಕಾಯ್ದೆಯಿಂದಲೇ ಶುರು ಮಾಡೋಣ. ಎನ್‌ಡಿಪಿಎಸ್. 1985ರ ಆಗಸ್ಟ್ 23ಕ್ಕೆ ಲೋಕಸಭೆಗೆ ಬಂತು. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ತಿಂಗಳೂ ತುಂಬಲಿಲ್ಲ. ಮಹಿಳಾ ಮೀಸಲಾತಿಗೆ 27 ವರ್ಷ ತೆಗೆದುಕೊಂಡ ಸಂಸತ್ತು ಇದೇ. ಸಾವಿರಾರು ವರ್ಷ ಈ ನೆಲದಲ್ಲಿ ಬೆಳೆದ ಗಿಡವೊಂದನ್ನು ಅಪರಾಧಿ ಮಾಡಲು ಮೂರೂವರೆ ವಾರ ಸಾಕಾಯಿತು. ಕಾಯ್ದೆ ಜಾರಿಗೆ ಬಂದದ್ದು ನವೆಂಬರ್ 14ರಂದು. ಮಕ್ಕಳ ದಿನಾಚರಣೆ. ಮಕ್ಕಳಾಟಿಕೆಯ ಕಾಯ್ದೆಗೆ ಒಳ್ಳೆಯ ಮುಹೂರ್ತ.

ಆ ಕಾಯ್ದೆ ಹೇಳುವುದೇನು? ಗಿಡದ ಹೂವಿನ ತುದಿ ಗಾಂಜಾ. ಅದರ ಅಂಟು ಚರಸ್. ಎರಡೂ ಅಪರಾಧ. ಬರೀ ಎಲೆಯಾದರೆ ಅಪರಾಧವಲ್ಲ. ಬೀಜವೂ ಅಲ್ಲ. ಕೆಳಗಿನ ಎಲೆ ಕಿತ್ತು ಅರೆದು ಹಾಲಿಗೆ ಹಾಕಿದರೆ ಭಂಗ್, ಹೋಳಿ ಹಬ್ಬ. ಮೇಲಿನ ಹೂ ಕಿತ್ತು ಒಣಗಿಸಿದರೆ ಸೆಂಟ್ರಲ್ ಜೈಲು. ಬೀಜವಂತೂ 2021ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೆಕ್ಕದಲ್ಲಿ ಆಹಾರ ಪದಾರ್ಥ. ಒಂದೇ ಗಿಡದ ಬುಡಕ್ಕೆ ಒಬ್ಬ ಅಧಿಕಾರಿ, ನಡುವಿಗೆ ಇನ್ನೊಬ್ಬ, ತುದಿಗೆ ಮತ್ತೊಬ್ಬ.

ಇದು ಪೊಲೀಸರಿಗಾದರೂ ಗೊತ್ತಿದೆಯೇ? 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬರನ್ನು ಹಿಡಿದರು. 29 ಕಿಲೋ ಭಂಗ್, ಜೊತೆಗೆ 400 ಗ್ರಾಂ ಗಾಂಜಾ. ಮನುಷ್ಯ ಒಳಗೆ. ಪ್ರಕರಣ ಹೈಕೋರ್ಟಿಗೆ ಬಂತು. ನ್ಯಾಯಮೂರ್ತಿ ಕೆ. ನಟರಾಜನ್ ಅವರು ಕಾಯ್ದೆ ಓದಿದರು. ಭಂಗ್ ಇದರೊಳಗೆ ಎಲ್ಲಿದೆ, ಲಸ್ಸಿ ಅಂಗಡಿಗಳಲ್ಲೇ ಮಾರುತ್ತಾರಲ್ಲ ಎಂಬ ಅರ್ಥದ ಮಾತು ಹೇಳಿ ಜಾಮೀನು ಕೊಟ್ಟರು. ಕಾಯ್ದೆ ಜಾರಿಯಾಗಿ 37ನೇ ವರ್ಷಕ್ಕೆ ಯಾರೋ ಒಬ್ಬರು ಅದನ್ನು ಓದಿದಂತಾಯಿತು.

ಜೈಸಲ್ಮೇರಿನಲ್ಲಿ ಸರ್ಕಾರದ ಮಾನ್ಯತೆ ಪಡೆದ ಭಂಗ್ ಅಂಗಡಿ ಎಂದು ಬೋರ್ಡೇ ಹಾಕಿದ್ದಾರೆ. ಪ್ರವಾಸಿಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಉತ್ತರ ಪ್ರದೇಶದಲ್ಲಿ ಭಂಗ್ ಅಂಗಡಿಗೆ ಅಬಕಾರಿ ಇಲಾಖೆ ಲೈಸೆನ್ಸ್ ಕೊಡುತ್ತದೆ. ಅಲ್ಲಿನ ಮುಖ್ಯಮಂತ್ರಿ ಕಾವಿಧಾರಿ, ಮಠಾಧೀಶರು. ಅವರಿಗಿಲ್ಲದ ಮಡಿ ಬೇಗೂರು ಠಾಣೆಗಿದೆ.

ಈಗ ರಾಜ್ಯಗಳ ಹಕ್ಕಿಗೆ ಬರೋಣ. ನಮ್ಮ ಸರ್ಕಾರಕ್ಕೆ ಬಹಳ ಪ್ರೀತಿಯ ವಿಷಯ.

2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಚಿವರು, ಶಾಸಕರನ್ನೆಲ್ಲ ಕರೆದುಕೊಂಡು ದೆಹಲಿಯ ಜಂತರ್ ಮಂತರಿನಲ್ಲಿ ಕೂತರು. 'ನನ್ನ ತೆರಿಗೆ ನನ್ನ ಹಕ್ಕು' ಎಂದರು. ನ್ಯಾಯವಾದ ಬೇಡಿಕೆಯೇ. ಕೊಡುವುದು ನಾವು, ಹಂಚುವುದು ಅವರು. ನಮ್ಮ ಮೈಸೂರಿನವರು, ಅದರಲ್ಲೂ ವಕೀಲರು, ಅಂಕಿಅಂಶ ನಾಲಿಗೆ ತುದಿಯಲ್ಲಿರುವವರು. ಕೇಳಿ ಖುಷಿಯಾಯಿತು.

ವಕೀಲರು ಸಂವಿಧಾನದ ಏಳನೇ ಅನುಸೂಚಿಯನ್ನೂ ಒಮ್ಮೆ ತಿರುವಿ ಹಾಕಿದ್ದರೆ ಇನ್ನೂ ಖುಷಿಯಾಗುತ್ತಿತ್ತು. ರಾಜ್ಯ ಪಟ್ಟಿ, 51ನೇ ನಮೂದು. ಮದ್ಯದ ಮೇಲೆ ಅಬಕಾರಿ ಸುಂಕ ರಾಜ್ಯದ್ದು. ಅಲ್ಲಿಯತನಕ ಎಲ್ಲರಿಗೂ ಬಾಯಿಪಾಠ. ಅದೇ ಸಾಲು ಮುಂದುವರಿಯುತ್ತದೆ. ಅಫೀಮಿನ ಮೇಲೂ ರಾಜ್ಯದ್ದು, ಇಂಡಿಯನ್ ಹೆಂಪ್ ಮೇಲೂ ರಾಜ್ಯದ್ದು. ಇಂಡಿಯನ್ ಹೆಂಪ್ ಅಂದರೆ ಇದೇ ಸ್ವಾಮಿ, ಇದೇ ಗಿಡ. 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ತೆರಿಗೆಗಳನ್ನು ಗುಡಿಸಿಕೊಂಡು ಹೋಯಿತು. ಈ ಸಾಲಿಗೆ ಕೈ ಹಚ್ಚಲಿಲ್ಲ. ಗಾಂಜಾದ ಮೇಲೆ ತೆರಿಗೆ ಹಾಕುವ ಹಕ್ಕು ಇವತ್ತಿಗೂ ಕರ್ನಾಟಕದ್ದು.

ಆದರೆ ಹಾಕುವುದು ಯಾವುದರ ಮೇಲೆ? ಸಮವರ್ತಿ ಪಟ್ಟಿಯಲ್ಲಿ 'ಔಷಧ ಮತ್ತು ವಿಷ' ಎಂಬ 19ನೇ ನಮೂದಿದೆ. ಅದನ್ನು ಹಿಡಿದುಕೊಂಡು, ವಿದೇಶಿ ಒಪ್ಪಂದವನ್ನು ಮುಂದಿಟ್ಟುಕೊಂಡು ಕೇಂದ್ರ 1985ರಲ್ಲಿ ವ್ಯಾಪಾರವನ್ನೇ ಮುಚ್ಚಿಸಿತು. ಎಲೆ ಹಾಕಿದ್ದು ರಾಜ್ಯಕ್ಕೆ, ಬಡಿಸುವ ಪಾತ್ರೆ ಕೇಂದ್ರದ ಕೋಣೆಯಲ್ಲಿ.

ಜಂತರ್ ಮಂತರಿನಲ್ಲಿ ಈ ಹಕ್ಕಿನ ಬಗ್ಗೆ ಯಾರಾದರೂ ಉಸಿರೆತ್ತಿದರೇ? ಉಹುಂ. ಹಿಂದಿಯ ವಿಷಯಕ್ಕೆ ಹಕ್ಕು ನೆನಪಾಗುತ್ತದೆ. ನೀಟ್ ವಿಷಯಕ್ಕೆ ನೆನಪಾಗುತ್ತದೆ. ಬರ ಪರಿಹಾರಕ್ಕೆ ನೆನಪಾಗುತ್ತದೆ. ಈ ಹಕ್ಕು ಮಾತ್ರ ಮುಟ್ಟಿದರೆ ಮೈಲಿಗೆ.

ಕೇಂದ್ರ ಬಾಗಿಲು ಹಾಕಿದೆ, ನಾವೇನು ಮಾಡೋಣ ಎಂದು ಕೈ ಚೆಲ್ಲುವವರಿಗೆ ಒಂದು ಮಾತು. ಬಾಗಿಲು ಪೂರ್ತಿ ಹಾಕಿಲ್ಲ. ಅದೇ ಎನ್‌ಡಿಪಿಎಸ್ ಕಾಯ್ದೆಯ 10ನೇ ಕಲಂ ಓದಿ. ಔಷಧಕ್ಕೆ, ಸಂಶೋಧನೆಗೆ ಈ ಗಿಡ ಬೆಳೆಯಲು, ಸಾಗಿಸಲು, ಮಾರಲು ನಿಯಮ ಮಾಡಿ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದ್ದು. ನಾರಿಗೆ, ಬೀಜಕ್ಕೆ ಬೆಳೆಯುವುದಾದರೆ 14ನೇ ಕಲಂ. ಉತ್ತರಾಖಂಡ 2018ರಲ್ಲೇ ನಾರಿನ ಹೆಂಪ್ ಬೆಳೆಗೆ ಲೈಸೆನ್ಸ್ ಕೊಟ್ಟಿತು. ಅಲ್ಲಿ ಬಿಜೆಪಿ. ಹಿಮಾಚಲದಲ್ಲಿ ಕಂದಾಯ ಸಚಿವರ ಸಮಿತಿ ಊರೂರು ತಿರುಗಿ ವರದಿ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು. 2025ರ ಜನವರಿಯಲ್ಲಿ ಎರಡು ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಕ್ಕೆ ಸಂಪುಟ ಹಸಿರು ನಿಶಾನೆ ತೋರಿತು. ಅಲ್ಲಿ ಕಾಂಗ್ರೆಸ್. ಆ ಪಕ್ಷ ಬಿಡಲಿಲ್ಲ, ಈ ಪಕ್ಷ ಬಿಡಲಿಲ್ಲ ಎಂಬ ನೆಪವೂ ನಮ್ಮವರಿಗಿಲ್ಲ.

ಬೇಕಾದರೆ ನಮ್ಮವರಿಗೂ ರಾಷ್ಟ್ರಪತಿ ಭವನದ ದಾರಿ ಗೊತ್ತು. ಕೇಂದ್ರದ ತಂಬಾಕು ಕಾಯ್ದೆಗೆ 2024ರಲ್ಲಿ ನಮ್ಮ ವಿಧಾನಮಂಡಲ ತನ್ನದೇ ತಿದ್ದುಪಡಿ ತಂದಿತು. ಹುಕ್ಕಾ ಬಾರ್ ಬಂದ್. ಸಿಗರೇಟು ಕೊಳ್ಳಲು 18 ಸಾಲದು, 21 ಆಗಬೇಕು. 2025ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೂ ಸಿಕ್ಕಿತು. ಅಲ್ಲಿಗೆ ರಾಜ್ಯಕ್ಕೆ ಹಲ್ಲಿದೆ ಎಂದಾಯಿತು. ಕಚ್ಚಬೇಕಾದ ಕಡೆ ಮಾತ್ರ ಕಚ್ಚುವುದಿಲ್ಲ.

ಯಾಕೆ ಕಚ್ಚುವುದಿಲ್ಲ? ಬೊಕ್ಕಸ ನೋಡಿ.

ಸಂವಿಧಾನದ 47ನೇ ವಿಧಿ, ಅಮಲು ಪಾನೀಯವನ್ನೂ ಮಾದಕ ವಸ್ತುವನ್ನೂ ನಿಲ್ಲಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳಿದೆ. ಕರ್ನಾಟಕ ಆ ವಾಕ್ಯವನ್ನು ಕತ್ತರಿಯಿಂದ ಕತ್ತರಿಸಿ ಅರ್ಧ ಪೊಲೀಸರಿಗೆ ಕೊಟ್ಟಿತು. ಇನ್ನರ್ಧವನ್ನು ಅಬಕಾರಿಯವರು ಕಪಾಟಿನಲ್ಲಿಟ್ಟರು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ 38,525 ಕೋಟಿ. ಗುರಿ ಎಂದರೇನು? ಇಷ್ಟು ಕುಡಿಸಿಕೊಂಡು ಬನ್ನಿ ಎಂದು. ಗುರಿ ಮುಟ್ಟದ ಅಧಿಕಾರಿ ಸಭೆಯಲ್ಲಿ ತಲೆ ತಗ್ಗಿಸಿ ಕೂರಬೇಕು. ಜನ ಕಡಿಮೆ ಕುಡಿದರೆ ಅವನಿಗೆ ಅವಮಾನ.

2007ರ ಜುಲೈ 1ರಂದು ಸಾರಾಯಿ ನಿಷೇಧಿಸಿದರು. ಬಡವರ ಮನೆ ಉಳಿಯಿತು ಎಂದು ಭಾಷಣವಾಯಿತು. ಆಮೇಲೆ ಬಡವರಿಗೆ ಒಳ್ಳೆಯ ಎಣ್ಣೆ ನ್ಯಾಯವಾದ ಬೆಲೆಗೆ ಸಿಗಲಿ ಎಂದು ಎಂಎಸ್‌ಐಎಲ್ ಅಂಗಡಿಗಳು ಬಂದವು. ಎಂಎಸ್‌ಐಎಲ್ ಎಂದರೆ ಮೈಸೂರ್ ಸೇಲ್ಸ್ ಇಂಟರ್‌ನ್ಯಾಷನಲ್ ಲಿಮಿಟೆಡ್. ನಮ್ಮೂರಿನ ಹೆಸರಿಟ್ಟುಕೊಂಡ ಸರ್ಕಾರಿ ಕಂಪನಿ. ಮಕ್ಕಳಿಗೆ ನೋಟ್‌ಬುಕ್ ಮಾರುತ್ತದೆ, ಅಮ್ಮಂದಿರಿಗೆ ಚಿಟ್ ಫಂಡ್ ನಡೆಸುತ್ತದೆ, ಅಪ್ಪಂದಿರಿಗೆ ಕ್ವಾರ್ಟರ್ ಕೊಡುತ್ತದೆ. ಒಂದು ಕುಟುಂಬ ಹಾಳಾಗುವುದಕ್ಕೂ ಉದ್ಧಾರವಾಗುವುದಕ್ಕೂ ಬೇಕಾದ ಎಲ್ಲವೂ ಒಂದೇ ಕಂಪನಿಯಲ್ಲಿ. ಸಗಟು ವ್ಯಾಪಾರವಂತೂ ಪೂರ್ತಿ ಸರ್ಕಾರದ್ದೇ. ರಾಜ್ಯದಲ್ಲಿ ಅತಿ ದೊಡ್ಡ ಎಣ್ಣೆ ವ್ಯಾಪಾರಿ ಯಾರು ಎಂದು ಪಿಎಸ್‌ಐ ಪರೀಕ್ಷೆಯಲ್ಲಿ ಕೇಳಬೇಕು.

2025ರ ಮಾರ್ಚಿನಲ್ಲಿ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪನವರು ವಿಧಾನಸಭೆಯಲ್ಲೇ ಎದ್ದು ನಿಂತರು. ಹೆಣ್ಣುಮಕ್ಕಳಿಗೆ ಎರಡು ಸಾವಿರ ಕೊಡುತ್ತೀರಲ್ಲ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಿ ಎಂದರು. ಸದನ ನಕ್ಕಿತು. ನನಗೆ ನಗು ಬರಲಿಲ್ಲ. ಇಡೀ ಸದನದಲ್ಲಿ ಅವತ್ತು ಲೆಕ್ಕ ಸರಿಯಾಗಿ ಹೇಳಿದವರು ಅವರೊಬ್ಬರೇ. ಗಂಡ ಅಂಗಡಿಯಲ್ಲಿ ಕೊಟ್ಟ ದುಡ್ಡು ವಿಧಾನಸೌಧ ಸುತ್ತಿ ಹೆಂಡತಿಯ ಖಾತೆಗೆ ಬರುತ್ತಿದೆ. ನಡುವೆ ಒಬ್ಬರು ಫಲಕದ ಮೇಲೆ ಫೋಟೋ ಹಾಕಿಸಿಕೊಳ್ಳುತ್ತಾರೆ.

ಎಷ್ಟು ವಯಸ್ಸಿಗೆ ಕುಡಿಯಬಹುದು? ನಮ್ಮ ಅಬಕಾರಿ ಕಾಯ್ದೆ 18 ಎನ್ನುತ್ತದೆ. ಅದೇ ಕಾಯ್ದೆಯಡಿ ಮಾಡಿದ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ಇಲಾಖೆ ಈ ಗೊಂದಲ ಬಗೆಹರಿಸಲು ಹೊರಟಿತು. ಹೇಗೆ? 21ನ್ನು 18ಕ್ಕೆ ಇಳಿಸಿ. ಜನ ಬೈದರು, ಕರಡು ವಾಪಸ್ಸಾಯಿತು, ಗೊಂದಲ ಸುಖವಾಗಿ ಉಳಿಯಿತು.

ಇನ್ನು ಏಮ್ಸ್ 2019ರಲ್ಲಿ ಕೊಟ್ಟ ಸಮೀಕ್ಷೆ. ಕೇಂದ್ರ ಸರ್ಕಾರವೇ ಮಾಡಿಸಿದ್ದು. ದೇಶದಲ್ಲಿ ಕುಡಿಯುವವರು 16 ಕೋಟಿ. ಗಾಂಜಾ, ಚರಸ್, ಭಂಗ್ ಎಲ್ಲ ಸೇರಿ 3.1 ಕೋಟಿ. ಕುಡಿತದಿಂದ ತೊಂದರೆಗೆ ಬಿದ್ದು ನೆರವು ಬೇಕಾದವರು 5.7 ಕೋಟಿ. ಗಾಂಜಾ ಕಡೆ 72 ಲಕ್ಷ. 72 ಲಕ್ಷ ಸಣ್ಣ ಸಂಖ್ಯೆಯಲ್ಲ, ಒಪ್ಪಿದೆ. ಆದರೆ 5.7 ಕೋಟಿಯ ಮುಂದೆ ಮೇಜು ಹಾಕಿ, ಎಂಟು ಜನ ಖಾಕಿ ನಿಲ್ಲಿಸಿ ಫೋಟೋ ತೆಗೆದದ್ದನ್ನು ನಾನಂತೂ ನೋಡಿಲ್ಲ. ಅವರು ಗ್ರಾಹಕರು. ಇವರು ಆರೋಪಿಗಳು.

ಎಣ್ಣೆ ಬಿಡಿ. ನಮ್ಮ ಜಿಲ್ಲೆಯ ಹೆಮ್ಮೆಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ವರ್ಜೀನಿಯಾ ಹೊಗೆಸೊಪ್ಪು.

ತಂಬಾಕು ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೂಸು. 1975ರ ಕಾಯ್ದೆ, ಗುಂಟೂರಿನಲ್ಲಿ ಕಚೇರಿ. ಕರ್ನಾಟಕ ಈ ವರ್ಷ ಇಷ್ಟು ಬೆಳೆಯಲಿ ಎಂದು ಅಪ್ಪಣೆ ಹೊರಡಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು 10 ಕೋಟಿ ಕಿಲೋ ಆಸುಪಾಸು. ರೈತನಿಗೆ ನೋಂದಣಿ, ಬ್ಯಾರನ್ನಿಗೆ ಲೈಸೆನ್ಸ್, ಗೊಬ್ಬರಕ್ಕೆ ವ್ಯವಸ್ಥೆ, ಹುಣಸೂರಿನಲ್ಲಿ ಸಂಶೋಧನಾ ಕೇಂದ್ರ. ಕಟ್ಟಿಗೆ ಉರಿಸಿ ಎಲೆ ಬೇಯಿಸಿ, ಬೇಲ್ ಕಟ್ಟಿ ಮಾರುಕಟ್ಟೆಗೆ ತಂದರೆ ಹರಾಜು ಕಟ್ಟೆಯನ್ನೂ ಸರ್ಕಾರವೇ ಹಾಕಿಕೊಟ್ಟಿದೆ. ಬೆಲೆ ಕುಸಿದ ದಿನ ಎಲ್ಲ ಪಕ್ಷದವರೂ ಕಟ್ಟೆಗೆ ಓಡಿ ಬರುತ್ತಾರೆ. ಸಂಸದರು ದೆಹಲಿಗೆ ಪತ್ರ ಬರೆಯುತ್ತಾರೆ. ಬರೆಯಲಿ. ರೈತನ ಸಂಕಟ ನಿಜವಾದದ್ದು. ಸಾಲ ನಿಜವಾದದ್ದು.

ಅನುಮತಿಗಿಂತ ಹೆಚ್ಚು ಬೆಳೆದರೆ? ನೋಂದಣಿಯೇ ಇಲ್ಲದೆ ಬೆಳೆದರೆ? ದಂಡ. ಆ ದಂಡವನ್ನೂ ಮನ್ನಾ ಮಾಡಿ, ಅಕ್ರಮವಾಗಿ ಬೆಳೆದದ್ದನ್ನು ಸರ್ಕಾರಿ ಕಟ್ಟೆಯಲ್ಲೇ ಮಾರಿಕೊಳ್ಳಿ ಎಂದ ವರ್ಷಗಳಿವೆ. ಕರುಣೆ ಎಂದರೆ ಇದು.

ಅದೇ ತಂಬಾಕಿನಿಂದ ಪ್ರತಿ ವರ್ಷ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಯುತ್ತಾರೆ ಎಂದು ಕೇಂದ್ರದ್ದೇ ಆರೋಗ್ಯ ಸಚಿವಾಲಯ ಹೇಳುತ್ತದೆ. ಸಿಗರೇಟು ಪ್ಯಾಕಿನ ಶೇಕಡಾ 85 ಭಾಗ ಕೊಳೆತ ಬಾಯಿಯ ಚಿತ್ರ, ಎಚ್ಚರಿಕೆಯ ಮಾತು. ಒಂದು ಸಚಿವಾಲಯ ಬೆಳೆಸುತ್ತದೆ, ಇನ್ನೊಂದು ಹೆದರಿಸುತ್ತದೆ. ಜೀವ ವಿಮೆ ಮಾರುವ ಎಲ್‌ಐಸಿ ಸಿಗರೇಟು ಮಾಡುವ ಐಟಿಸಿಯ ದೊಡ್ಡ ಷೇರುದಾರ. ಸೇದಿದರೂ ಲಾಭ, ಸತ್ತರೆ ಮಾತ್ರ ಕ್ಲೇಮು.

ಹುಣಸೂರಿನಿಂದ ಹನೂರಿಗೆ ಹೋಗಿ. ಚಾಮರಾಜನಗರ ಜಿಲ್ಲೆ, ಕಾಡಂಚಿನ ಒಣ ಹೊಲಗಳು. ಜೋಳದ ನಡುವೆ ಗಾಂಜಾ ಗಿಡ, ರೈತನ ಬಂಧನ ಎಂದು ಆಗಾಗ ಸುದ್ದಿ. ಅವನೂ ಬೆಳೆದದ್ದು ಸೊಪ್ಪೇ. ಅವನಿಗೆ ಮಂಡಳಿ ಇಲ್ಲ, ಕಟ್ಟೆ ಇಲ್ಲ, ಸಂಸದರ ಪತ್ರ ಇಲ್ಲ. 20ನೇ ಕಲಂ ಇದೆ. ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಎಷ್ಟು ಗಿಡ ಎಂಬ ಲೆಕ್ಕವೂ ಅಲ್ಲಿಲ್ಲ. ಒಂದಾದರೂ ಅದೇ ಕಲಂ, ಎಕರೆಯಾದರೂ ಅದೇ ಕಲಂ.

ತೂಕದ್ದು ಇನ್ನೊಂದು ಕಥೆ. ಕಾಯ್ದೆ ಪ್ರಕಾರ ಹೂವಿನ ತುದಿ ಮಾತ್ರ ಗಾಂಜಾ. ಹಿಡಿಯುವವರು ಹಸಿ ಗಿಡವನ್ನು ಬೇರು, ಕಾಂಡ, ಎಲೆ, ಮಣ್ಣು ಸಮೇತ ತಕ್ಕಡಿಗೆ ಹಾಕುತ್ತಾರೆ. ಒಂದು ಕಿಲೋ ಒಳಗಿದ್ದರೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಸಜೆ. ಒಂದು ದಾಟಿದರೆ ಹತ್ತು ವರ್ಷದವರೆಗೆ. 20 ಕಿಲೋ ದಾಟಿತೆಂದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ, ಜಾಮೀನಿಗೂ ಕುತ್ತು. ಮಹಜರಿನಲ್ಲಿ ನೀರು, ಬೇರು, ಮಣ್ಣು ಎಲ್ಲವೂ ಗಾಂಜಾ ಆಗುತ್ತವೆ. ದೇವರಾಜ ಮಾರುಕಟ್ಟೆಯಲ್ಲಿ ಕೊತ್ತಂಬರಿ ಮಾರುವವಳು ಹೀಗೆ ತೂಗಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ.

ದೊಡ್ಡ ಕುಳಗಳ ಗತಿ ಏನು? ದಂಧೆಗೆ ದುಡ್ಡು ಹಾಕುವವರನ್ನು, ಕಳ್ಳಸಾಗಣೆದಾರರಿಗೆ ಆಶ್ರಯ ಕೊಡುವವರನ್ನು ಹಿಡಿಯಲು 27ಎ ಕಲಂ ಇದೆ. 2014ರಲ್ಲಿ ಕಾಯ್ದೆ ತಿದ್ದುವಾಗ ವ್ಯಾಖ್ಯೆಗಳ ಕ್ರಮಸಂಖ್ಯೆ ಬದಲಾಯಿತು. 27ಎಯಲ್ಲಿ ಹಳೇ ಸಂಖ್ಯೆಯೇ ಉಳಿಯಿತು. ಆ ಕಲಂ ಇಲ್ಲದ ಜಾಗಕ್ಕೆ ಬೆರಳು ತೋರಿಸುತ್ತ ಏಳು ವರ್ಷ ನಿಂತಿತ್ತು. ತ್ರಿಪುರಾ ಹೈಕೋರ್ಟ್ ತಿವಿದ ಮೇಲೆ 2021ರಲ್ಲಿ ಸಂಸತ್ತು ಸರಿಪಡಿಸಿತು, 2014ರಿಂದಲೇ ಅನ್ವಯ ಎಂದೂ ಸೇರಿಸಿತು. ಹನೂರಿನವನ ಗಿಡ ಎಣಿಸುವಾಗ ಯಾರಿಗೂ ಇಂಥ ಕೈತಪ್ಪು ಆಗುವುದಿಲ್ಲ.

2020 ನೆನಪಿದೆಯೇ? ಕೊರೊನಾ ಊರು ತುಂಬ ಹೆಣ ಉರುಳಿಸುತ್ತಿತ್ತು. ನಮ್ಮ ಟಿವಿಗಳು ಸ್ಯಾಂಡಲ್‌ವುಡ್ ನಟಿಯರ ತಲೆಗೂದಲು ಪ್ರಯೋಗಾಲಯಕ್ಕೆ ಹೋದ ದಾರಿ ಹಿಡಿದು ಓಡುತ್ತಿದ್ದವು. ಕೆಂಪು ಅಕ್ಷರ, ಗುಡುಗಿನ ಸದ್ದು. ಮುಂದೆ ಆ ನಟಿಯರ ಮೇಲಿನ ಪ್ರಕರಣಗಳನ್ನು ಹೈಕೋರ್ಟ್ ರದ್ದು ಮಾಡಿದಾಗ ಕೆಂಪು ಅಕ್ಷರಕ್ಕೆ ಬಣ್ಣ ಸಾಲಲಿಲ್ಲ. ಅದೇ 2020ರ ಸೆಪ್ಟೆಂಬರಿನಲ್ಲಿ ವರದಿಗಾರರು ಯಾದಗಿರಿ ಜಿಲ್ಲೆಯ ತಿಂಥಣಿಗೂ ಹೋದರು. ಕೃಷ್ಣಾ ತೀರದ ಮೌನೇಶ್ವರ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ದೇವರು. ಅಲ್ಲಿ ಜಾತ್ರೆಗೆ ಗಾಂಜಾ ಪ್ರಸಾದ. ಗುಡಿಯಲ್ಲಿ ಸಂಪ್ರದಾಯ, ಅಪಾರ್ಟ್‌ಮೆಂಟಿನಲ್ಲಿ ದೇಶದ್ರೋಹ.

ಆ ವರ್ಷವೇ ಡಿಸೆಂಬರ್ 2. ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಆಯೋಗ ಕೂತಿತ್ತು. ಗಾಂಜಾವನ್ನು 1961ರ ಒಪ್ಪಂದದ ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯೋಣವೇ ಎಂಬ ಪ್ರಶ್ನೆ. ತೆಗೆಯೋಣ ಎಂದವರು 27 ದೇಶ. ಬೇಡ ಎಂದವರು 25. ತೆಗೆಯೋಣ ಎಂದು ಕೈ ಎತ್ತಿದವರಲ್ಲಿ ಭಾರತವೂ ಇತ್ತು. ಮುಂಬೈಯಲ್ಲಿ ಎನ್‌ಸಿಬಿಯವರೂ ಬೆಂಗಳೂರಿನಲ್ಲಿ ಸಿಸಿಬಿಯವರೂ ವಾಟ್ಸ್ಆ್ಯಪ್ ಮೆಸೇಜುಗಳಲ್ಲಿ ಸೊಪ್ಪು ಹುಡುಕುತ್ತಿದ್ದ ವರ್ಷವೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ವಿದೇಶಾಂಗ ನೀತಿಯಲ್ಲೂ ಜಾಗ ಸಿಕ್ಕಿತು.

ಗಾಂಜಾ ನಿಷೇಧವನ್ನು ಜಗತ್ತಿನ ತಲೆಗೆ ಕಟ್ಟಲು ಮುಂದೆ ನಿಂತದ್ದು ಅಮೆರಿಕ. ಈಗ ಅದರ 24 ರಾಜ್ಯಗಳಲ್ಲಿ ದೊಡ್ಡವರು ಗಾಂಜಾ ಇಟ್ಟುಕೊಂಡರೆ ಅಪರಾಧವಲ್ಲ, ಬಹುತೇಕ ಕಡೆ ಅಂಗಡಿಗೆ ಹೋಗಿ ಬಿಲ್ ಹಾಕಿಸಿಕೊಂಡೇ ತರಬಹುದು. ಅಲ್ಲಿನ ಕೇಂದ್ರದ ಕಾಯ್ದೆಯಲ್ಲಿ ಅದಿನ್ನೂ ಅಪರಾಧವೇ. ಕ್ಯಾಲಿಫೋರ್ನಿಯಾ 1996ರಲ್ಲಿ ಔಷಧಕ್ಕೆ ಬಿಟ್ಟಿತು. ಕೇಂದ್ರವೇ ದೊಡ್ಡದು ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಕೊಲರಾಡೊ, ವಾಷಿಂಗ್ಟನ್ 2012ರಲ್ಲಿ ಕೋರ್ಟಿಗೆ ಕೈ ಮುಗಿದು ಅಂಗಡಿಗೆ ದಾರಿ ಮಾಡಿದವು. ತಮಾಷೆ ಎಂದರೆ ಅಲ್ಲೂ ನಮ್ಮವರಂಥವರೇ. ಬೇರೆಲ್ಲದಕ್ಕೂ ರಾಜ್ಯಗಳ ಹಕ್ಕು ಎಂದು ಎದೆ ಬಡಿದುಕೊಳ್ಳುವ ಪಕ್ಷದ ಅಟಾರ್ನಿ ಜನರಲ್ 2018ರಲ್ಲಿ ಗಾಂಜಾ ವಿಷಯಕ್ಕೆ ಮಾತ್ರ ಕೇಂದ್ರದ ಬೆತ್ತ ತೆಗೆದರು. ಹಕ್ಕು ಎಂಬುದು ಎದುರಾಳಿಯ ಕೈಯಲ್ಲಿದ್ದಾಗ ಎಲ್ಲ ಕಡೆಯೂ ಅರಾಜಕತೆಯೇ.

ಆ ಕ್ಯಾಲಿಫೋರ್ನಿಯಾದವರು ನಮ್ಮ ಗೋಕುಲಂಗೆ ಯೋಗ ಕಲಿಯಲು ಬರುತ್ತಾರೆ. ಅವರ ಊರಲ್ಲಿ ಕಿರಾಣಿ. ನಮ್ಮೂರಲ್ಲಿ ಕ್ರಿಮಿನಲ್ ಕೇಸು. ಯೋಗ ರಫ್ತಾಯಿತು, ನಿಷೇಧ ಆಮದಾಯಿತು.

ಬ್ರಿಟಿಷರು ಕೂಡ ಕೇಳಿ ತಿಳಿಯುವ ಕಷ್ಟ ತೆಗೆದುಕೊಂಡಿದ್ದರು. 1893-94ರಲ್ಲಿ ಆಯೋಗ ಕೂರಿಸಿದರು. 1,193 ಸಾಕ್ಷಿಗಳು. ಏಳು ಸಂಪುಟ ವರದಿ. ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು ಆಯೋಗ. ಅವರಿಗೆ ದುಡ್ಡಿನ ಆಸೆ ಇತ್ತು, ಖಂಡಿತ. ನಮ್ಮವರಿಗೂ ಇದೆ. ಸಾಕ್ಷಿ ಕೇಳುವ ವ್ಯವಧಾನ ಮಾತ್ರ ಇಲ್ಲ.

ಹಾಗೆಂದು ಆ ಕಡೆಯವರೇನೂ ಸಾಚಾ ಅಲ್ಲ. ಬೆಂಗಳೂರಿನ ಹೊಸ ಕಾಲದ ಕಂಪನಿಗಳವರು ಗಾಂಜಾ ಎಂದರೆ ಅಥರ್ವವೇದದಲ್ಲೇ ಇದೆ ಎನ್ನುತ್ತಾರೆ. ಇರಲಿ. ಅಥರ್ವವೇದದಲ್ಲಿ ಜ್ವರಕ್ಕೆ ಮಂತ್ರವೂ ಇದೆ, ನೀವು ಡೋಲೋ ನುಂಗುತ್ತೀರಿ. ಶಿವ ಸೇದುತ್ತಿದ್ದ ಎನ್ನುವ ಹುಡುಗರಿಗೆ, ಶಿವ ವಿಷವನ್ನೂ ಕುಡಿದ ಎಂಬುದನ್ನು ನೆನಪಿಸಬೇಕು. ಕ್ಯಾನ್ಸರ್, ಮಧುಮೇಹ, ಮಂಡಿ ನೋವು ಎಲ್ಲಕ್ಕೂ ಒಂದೇ ಎಲೆ ಎನ್ನುವವರು ಸಂತೆಯಲ್ಲಿ ಹಾವಿನ ಎಣ್ಣೆ ಮಾರುವವರ ಸಂಬಂಧಿಕರು. ಥಾಯ್ಲೆಂಡ್ 2022ರಲ್ಲಿ ಹಿಂದೆಮುಂದೆ ನೋಡದೆ ಬಾಗಿಲು ತೆರೆಯಿತು. ಬೀದಿಗೊಂದು ಅಂಗಡಿಯಾಯಿತು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಕೊಡಬೇಡಿ ಎಂದು ಕಡಿವಾಣ ಹಾಕಬೇಕಾಯಿತು. ಬಿಡುವುದಕ್ಕೂ ಬುದ್ಧಿ ಬೇಕು.

ಈಗಾಗಲೇ ಬಿಟ್ಟದ್ದು ಯಾರಿಗೆ ನೋಡಿ. ಆಯುರ್ವೇದದಲ್ಲಿ ಈ ಎಲೆಗೆ ವಿಜಯಾ ಎಂದು ಹೆಸರು. ವೈದ್ಯರ ನಿಗಾದಲ್ಲೇ ಕೊಡಬೇಕಾದ ವಸ್ತು ಎಂದು ಕೇಂದ್ರದ ಔಷಧ ನಿಯಮಗಳಲ್ಲೇ ಪಟ್ಟಿಯಿದೆ. ವಿಜಯಾ ಎಣ್ಣೆಯ ಸಣ್ಣ ಸೀಸೆಗೆ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿ. ವೀಡಿಯೋ ಕಾಲಿನಲ್ಲಿ ಡಾಕ್ಟರ್, ಚೀಟಿ, ಬಿಲ್, ಕೊರಿಯರ್. ಕುವೆಂಪುನಗರದ ಮನೆ ಬಾಗಿಲಿಗೆ ಅದು ವೆಲ್‌ನೆಸ್ ಆಗಿ ಬರುತ್ತದೆ. ಎನ್.ಆರ್. ಮೊಹಲ್ಲಾದ ಹುಡುಗನ ಜೇಬಿನಲ್ಲಿ ಅದೇ ಗಿಡ ಸಾಕ್ಷ್ಯವಾಗುತ್ತದೆ. ನಮ್ಮ ಸಯ್ಯಾಜಿರಾವ್ ರಸ್ತೆಯಲ್ಲಿ 1908ರಲ್ಲಿ ಶುರುವಾದ ಸರ್ಕಾರಿ ಆಯುರ್ವೇದ ಕಾಲೇಜಿದೆ. ಅಲ್ಲಿ ಹತ್ತು ಗಿಡ ಬೆಳೆಸಿ ಯಾವ ನೋವಿಗೆ ನಿಜವಾಗಿ ಕೆಲಸ ಮಾಡುತ್ತದೆ, ಯಾವುದಕ್ಕಿಲ್ಲ ಎಂದು ಪರೀಕ್ಷಿಸಿ ಬಡವನಿಗೂ ಕಡಿಮೆ ಬೆಲೆಗೆ ಕೊಡಿ ಎಂದು ಯಾವ ಸಚಿವರಾದರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. 10ನೇ ಕಲಂ ಇರುವುದೇ ಅದಕ್ಕೆ. ಒಂದು ನಿಯಮ, ಒಂದು ಸಹಿ. ಆದರೆ ಅದರಲ್ಲಿ ಮತವಿಲ್ಲ. ಹಿಡಿದದ್ದರಲ್ಲಿ ಫೋಟೋ ಇದೆ.

ಜೂನ್ 26 ಬಂದರೆ ಮಾದಕ ವಸ್ತು ವಿರೋಧಿ ದಿನ. ಅವತ್ತು ನಮ್ಮೂರಿನ ಶಾಲಾ ಮಕ್ಕಳಿಗೆ ಪಾಠವಿಲ್ಲ, ಜಾಥಾ. ಕೋಟೆ ಆಂಜನೇಯ ಗುಡಿಯ ಮುಂದೆ ಸಾಲು ನಿಲ್ಲಿಸಿ, ಕೈಗೆ ಫಲಕ ಕೊಟ್ಟು, ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಿದರು ಎಂದಿಟ್ಟುಕೊಳ್ಳಿ. ಹೊರಡುವ ದಾರಿಯಲ್ಲಿ ಎಷ್ಟು ವೈನ್ ಶಾಪ್, ಎಷ್ಟು ಬಾರ್, ಎಷ್ಟು ಸಿಗರೇಟಿನ ಗೂಡಂಗಡಿ ಬರುತ್ತವೆ ಎಂದು ಎಣಿಸಿಕೊಂಡು ಬರಲು ಆ ಮಕ್ಕಳಿಗೆ ಹೇಳಿ. ಗಣಿತವಾದರೂ ಬರಲಿ.

ಸಂಘಟಕರಿಗೆ ಇನ್ನೊಂದು ಸಣ್ಣ ಸಲಹೆ. ಜಾಥಾವನ್ನು ಬೆಳಿಗ್ಗೆ ಬೇಗ ಮುಗಿಸಿ. ಎಂಎಸ್‌ಐಎಲ್ ಬಾಗಿಲು ತೆಗೆಯುವ ಹೊತ್ತಿಗೆ ರಸ್ತೆಗೆ ಅಡ್ಡ ನಿಲ್ಲಬೇಡಿ. ಪಾಪ, ಅವರಿಗೆ ಟಾರ್ಗೆಟ್ ಇದೆ.